ಸಾಲು ಸಮ ಬರಲೆಂದು ಕೆತ್ತಿದ ಹೆಸರು

ನಮ್ಮ ನಗರದ ಯುದ್ಧ ಸ್ಮಾರಕದ ಚರಿತ್ರೆ ನಗರಸಭೆಯ ಒಂದು ದಪ್ಪ ಕಡತದಲ್ಲಿದೆ. ಜಾಗ ಗುರುತಿಸಿದ ದಿನ, ಕಲ್ಲು ಹೊತ್ತು ಬಂದ ಲಾರಿಗಳ ಸಂಖ್ಯೆ, ಉದ್ಘಾಟನೆಯ ಭಾಷಣ ಎಲ್ಲವೂ ಅದರಲ್ಲಿ ಸಿಗುತ್ತವೆ. ಹೆಸರುಗಳನ್ನು ಕೆತ್ತಿದವರ ಬಗ್ಗೆ ಮಾತ್ರ ಏನೂ ಇಲ್ಲ.

ಆ ಕೆತ್ತನೆ ಮೇಸ್ತ್ರಿಗೆ ಈಗ ಅರವತ್ತೇಳು ವರ್ಷ. ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ತಗಡು ಹೊದಿಸಿದ ಒಂದು ಶೆಡ್ಡು ಅವರ ಕೆಲಸದ ಜಾಗ. ಉಳಿಗಳು ಎತ್ತರದ ಪ್ರಕಾರ ಸಾಲಾಗಿ ನಿಂತಿರುತ್ತವೆ. ಬೇರೆಯವರ ಮನೆಗೆ ಹೋದರೂ ಗೋಡೆಯ ಕ್ಯಾಲೆಂಡರ್ ವಾರೆಯಾಗಿದ್ದರೆ ಸರಿಪಡಿಸದೆ ಕೂರುವವರಲ್ಲ. ಅದಕ್ಕೇ ಗಲ್ಲಿಯ ಜನ ಅವರನ್ನು ‘ಸಾಲು ಮೇಸ್ತ್ರಿ’ ಎಂದು ಕರೆಯುತ್ತಾರೆ. ಈ ಸಮದ ಹುಚ್ಚೇ ನಲವತ್ತು ವರ್ಷದ ಹಿಂದೆ ಅವರಿಂದ ಒಂದು ತಪ್ಪು ಮಾಡಿಸಿತು.

ಆಗ ಸತ್ತವರ ಪಟ್ಟಿಯಲ್ಲಿ ನಲವತ್ತೈದು ಹೆಸರುಗಳಿದ್ದವು. ಕಲ್ಲಿನಲ್ಲಿ ಮೇಲಿನಿಂದ ಕೆಳಕ್ಕೆ ಎರಡು ಸಾಲು. ಎಡಕ್ಕೆ ಇಪ್ಪತ್ತಮೂರು, ಬಲಕ್ಕೆ ಇಪ್ಪತ್ತೆರಡು. ಬಲಗಡೆಯ ಕೆಳತುದಿಯಲ್ಲಿ ಒಂದು ಹೆಸರಿನಷ್ಟು ಜಾಗ ಬೋಳಾಗಿ ಉಳಿಯಿತು. ಮೇಸ್ತ್ರಿಗೆ ಅದು ಕಣ್ಣಲ್ಲಿ ಕಸ ಬಿದ್ದ ಹಾಗಾಯಿತು. ಕಚೇರಿಯ ಗುಮಾಸ್ತರಿಗೆ ಹೇಳಿಕೊಂಡಾಗ, ನಾಪತ್ತೆಯಾದವರ ಇನ್ನೊಂದು ಚೀಟಿ ಅವರ ಮೇಜಿನಿಂದ ಹೊರಬಂತು. ಅದರಲ್ಲಿ ಎರಡೇ ಹೆಸರು.

“ಇವರೂ ಹೋದವರೇ. ಕಾಗದ ಬರೋದೊಂದು ಬಾಕಿ,” ಎಂದರು ಗುಮಾಸ್ತರು.

ಮೇಸ್ತ್ರಿ ಚೀಟಿಯಲ್ಲಿ ಮೇಲಿದ್ದ ಹೆಸರನ್ನು ಕೆತ್ತಿದರು. ಹದಿನಾಲ್ಕು ತಿಂಗಳ ಮೇಲೆ ಆ ಹುಡುಗ ಶತ್ರುಗಳ ಸೆರೆಯಿಂದ ಬಿಡುಗಡೆಯಾಗಿ, ಗಡ್ಡ ಬಿಟ್ಟುಕೊಂಡು ಊರಿಗೆ ಬಂದ. ಕೆಳಗಿದ್ದ ಹೆಸರಿನವನ ಮನೆಗೆ ಸಾವಿನ ಕಾಗದ ಬಂತು. ಅವನ ತಾಯಿ ಕಚೇರಿಗೆ ಹೋಗಿ ಕೇಳಿದಾಗ, ಕಲ್ಲಿನಲ್ಲಿ ಜಾಗವಿಲ್ಲ ಎಂದುಬಿಟ್ಟರು.

ಬದುಕಿ ಬಂದವರು ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡರು. ತಮ್ಮ ಹೆಸರು ಕಲ್ಲಿನ ಮೇಲಿರುವುದು ಅವರಿಗೆ ನಗುವಿನ ವಿಷಯ. ಮೊಮ್ಮಕ್ಕಳನ್ನು ಕರೆದೊಯ್ದು ತೋರಿಸುತ್ತಿದ್ದರು. ಮೇಸ್ತ್ರಿಗೆ ನಗು ಬರುತ್ತಿರಲಿಲ್ಲ. ಹೆಸರು ಬದಲಿಸಬೇಕೆಂದು ಏಳು ಸಲ ಅರ್ಜಿ ಕೊಟ್ಟರು. ಹಳೆಯದನ್ನು ಕೆದಕಬೇಡಿ ಎಂದು ಏಳು ಸಲವೂ ವಾಪಸ್ ಕಳಿಸಿದರು. ಸತ್ತವನ ತಾಯಿ ತೀರಿಕೊಂಡರು. ತಂಗಿ ಉಳಿದರು. ಮಾರುಕಟ್ಟೆ ರಸ್ತೆಯಲ್ಲಿ ಅವರದು ಹೊಲಿಗೆ ಅಂಗಡಿ. ಪ್ರತಿ ವರ್ಷ ಸ್ಮಾರಕಕ್ಕೆ ಹೂವಿಡುವ ದಿನ ಅವರು ಗುಂಪಿನ ಹಿಂದೆ ನಿಂತು, ಯಾರೊಂದಿಗೂ ಮಾತಾಡದೆ ಹೋಗುತ್ತಿದ್ದರು. ಅಣ್ಣನ ಜಾಗ ಹೇಗೆ ಹೋಯಿತೆಂದು ಅವರಿಗೆ ಗೊತ್ತಿರಲಿಲ್ಲ. ಅದನ್ನು ಹೇಳುವ ಧೈರ್ಯ ಮೇಸ್ತ್ರಿಗೆ ಬಂದಿರಲಿಲ್ಲ.

ಈ ವರ್ಷ ಸ್ಮಾರಕಕ್ಕೆ ನಲವತ್ತು ತುಂಬಿತೆಂದು ಅದನ್ನು ತೊಳೆದು ರಿಪೇರಿ ಮಾಡುವ ಕೆಲಸ ಮೇಸ್ತ್ರಿಗೂ ಅವರ ಮಗಳಿಗೂ ಬಂತು. ಮಗಳೂ ಕೆತ್ತನೆಯವಳೇ. ಅಪ್ಪನ ಕೈ ನಡುಗಲು ಶುರುವಾದ ಮೇಲೆ ಉಳಿ ಹಿಡಿಯುವವಳು ಅವಳೇ.

“ಅಪ್ಪಾ, ಈಗ ಬಿಟ್ರೆ ಮತ್ತೆ ಆಗಲ್ಲ,” ಎಂದಳು. “ಮೊದಲು ಆ ಹೊಲಿಗೆ ಅಂಗಡಿ ಅಮ್ಮನಿಗೆ ಹೇಳಿ ಬಾ. ನಾನು ಬರಲ್ಲ. ತಪ್ಪು ನಿಂದು, ಕಾಲೂ ನಿಂದೇ.”

ಮೇಸ್ತ್ರಿ ಹೊಲಿಗೆ ಅಂಗಡಿಯ ಮೆಟ್ಟಿಲ ಮೇಲೆ ನಿಂತೇ ಎಲ್ಲವನ್ನೂ ಹೇಳಿದರು. ಮಿಷನ್ನಿನ ಚಕ್ರ ನಿಂತಿತು.

“ಸಾಲು ಸಮ ಬರ್ಲಿ ಅಂತ?” ಎಂದು ಹೊಲಿಗೆಯವರು ಕೇಳಿದರು.

“ಹೌದಮ್ಮ.”

“ನಾನೂ ಕತ್ತರಿ ಹಿಡಿಯೋಳೇ ಮೇಸ್ತ್ರಿ. ಎರಡು ತೋಳೂ ಸಮ ಬರ್ಬೇಕು ಅನ್ನೋ ಹಠ ನಂಗೂ ಇದೆ. ಅದಕ್ಕೆ ಅಂತ ಇನ್ನೊಬ್ರ ಬಟ್ಟೆ ಕತ್ತರಿಸಿಲ್ಲ.”

ಹೊಲಿಗೆಯವರು ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. “ನಮ್ಮಮ್ಮ ಇದ್ದಾಗ ಬರ್ಬೇಕಿತ್ತು ನೀವು,” ಎಂದರು. ಬಟ್ಟೆಯನ್ನು ಪಕ್ಕಕ್ಕಿಟ್ಟು, “ಈಗ ಏನ್ ಮಾಡ್ಬೇಕು ಹೇಳಿ,” ಎಂದರು.

ಮರುದಿನ ಮೇಸ್ತ್ರಿ, ಹೊಲಿಗೆಯವರು, ಸೈಕಲ್ ಅಂಗಡಿಯವರು ಮೂವರೂ ನಗರಸಭೆಯ ಎಂಜಿನಿಯರ್ ಎದುರು ಕೂತರು. ತಂಗಿಯ ಕೈಯಲ್ಲಿ ಸೈನ್ಯದಿಂದ ಬಂದಿದ್ದ ಆ ಹಳೆಯ ಕಾಗದ. ಎಂಜಿನಿಯರ್ ಚಿಕ್ಕ ವಯಸ್ಸಿನವರು, ಒಳ್ಳೆಯವರು, ನಿಯಮಕ್ಕೆ ಹೆದರುವವರು.

“ಹೆಸರು ತೆಗೀಬೇಕಾದ್ರೆ ಸಂಬಂಧಪಟ್ಟವರ ಒಪ್ಪಿಗೆ ಬೇಕಲ್ಲ?” ಎಂದರು.

“ಸಂಬಂಧಪಟ್ಟವನು ನಾನೇ ಸರ್,” ಎಂದರು ಸೈಕಲ್‌ನವರು.

“ನೀವು ಅವರಿಗೆ ಏನಾಗ್ಬೇಕು?”

“ಏನೂ ಆಗ್ಬೇಕಾಗಿಲ್ಲ ಸರ್. ಸತ್ತವನು ನಾನೇ.”

ಎಂಜಿನಿಯರ್ ಕನ್ನಡಕ ತೆಗೆದು ಒರೆಸಿದರು. ಆಮೇಲೆ ಸೈಕಲ್‌ನವರು ಅಲ್ಲೇ ಕೂತು ಬರೆದುಕೊಟ್ಟರು: ‘ನಾನು ಬದುಕಿರುತ್ತೇನೆ. ಆದಕಾರಣ ನನ್ನ ಹೆಸರನ್ನು ಸ್ಮಾರಕದಿಂದ ತೆಗೆಯಲು ನನ್ನ ಅಭ್ಯಂತರವಿರುವುದಿಲ್ಲ.’ ಒಂಬತ್ತು ದಿನಕ್ಕೆ ಅಪ್ಪಣೆ ಬಂತು.

ಕಲ್ಲಿನಲ್ಲಿ ಕೆತ್ತಿದ್ದನ್ನು ಅಳಿಸಲಾಗುವುದಿಲ್ಲ. ಉಜ್ಜಿದರೆ ಅಲ್ಲೊಂದು ಗುಳಿ ಬೀಳುತ್ತದೆ. ಹಾಗಾಗಿ ಆ ಹೆಸರಿನಗಲ ಎರಡು ಬೆರಳಿನಷ್ಟು ಆಳಕ್ಕೆ ಚೌಕವಾಗಿ ಕಡಿದು, ಅದೇ ಅಳತೆಯ ಇನ್ನೊಂದು ತುಂಡನ್ನು ಕೂರಿಸಬೇಕು, ಬಟ್ಟೆಗೆ ತೇಪೆ ಹಾಕಿದ ಹಾಗೆ. ತುಂಡಿನ ಬಣ್ಣ ಹೊಂದಬೇಕು. ಸ್ಮಾರಕದ ಹಿಂಬದಿಯ ಮೆಟ್ಟಿಲೂ ಅದೇ ಬಂಡೆಯದು, ಅಷ್ಟೇ ಬಿಸಿಲು ತಿಂದದ್ದು. ಮೇಸ್ತ್ರಿ ಅದರಿಂದ ಒಂದು ತುಂಡು ತೆಗೆಸಿದರು.

ಮಗಳು ಹಳೆಯ ಹೆಸರನ್ನು ಕಡಿಯುವಾಗ ಸೈಕಲ್‌ನವರು ಪಕ್ಕದಲ್ಲೇ ನೀರು ಚಿಮುಕಿಸುತ್ತಿದ್ದರು.

“ನಿಧಾನ ಕಣಮ್ಮ, ನೋಯುತ್ತೆ,” ಎಂದರು.

“ಸುಮ್ನಿರಿ ಮಾವ, ಕೈ ಜಾರುತ್ತೆ.”

ಹೊಸ ತುಂಡು ಕೂತಿತು. ಮೇಸ್ತ್ರಿ ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡು ಸೀಸದ ಕಡ್ಡಿಯಲ್ಲಿ ಅಕ್ಷರ ಬರೆದರು. ಇಡೀ ಬೆಳಗು ಹಿಡಿಯಿತು. ಎರಡು ಸಲ ಒರೆಸಿ ಮತ್ತೆ ಬರೆದರು. ಆ ಗೆರೆಗಳ ಮೇಲೆ ಮಗಳು ಉಳಿ ನಡೆಸಿದಳು.

ಹೆಸರು ಮುಗಿದ ದಿನ ಹೊಲಿಗೆಯವರು ಅಂಗಡಿಗೆ ಬೀಗ ಹಾಕಿ ಬಂದರು. ಹೆಸರು ಕೆಳತುದಿಯಲ್ಲಿದ್ದುದರಿಂದ ನೆಲದ ಮೇಲೆಯೇ ಕೂತರು. ಕಣ್ಣು ಒರೆಸಿಕೊಂಡು, ಕನ್ನಡಕ ಹಾಕಿಕೊಂಡು ಓದಿದರು. ಬಟ್ಟೆಯ ಹೊಲಿಗೆ ಪರೀಕ್ಷಿಸುವಂತೆ ತೇಪೆಯ ಅಂಚಿನ ಮೇಲೆ ಉಗುರು ಆಡಿಸಿದರು. ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

“ನೆಟ್ಟಗೆ ನಿಂತಿದಾನೆ,” ಎಂದರು ತಂಗಿ. “ಬದುಕಿದ್ದಾಗ ಒಂದು ದಿನಾನೂ ಹೀಗೆ ನಿಂತೋನಲ್ಲ ಮೇಸ್ತ್ರಿ. ಬಾಗಿಲಿಗೆ ಒರಗಿಕೊಂಡೇ ಇರ್ತಿದ್ದ. ಅಮ್ಮಂಗೆ ಬೈದೂ ಬೈದೂ ಸಾಕಾಗಿತ್ತು.”

ಏಳಲು ಸಹಾಯವಾಗಲೆಂದು ಮೇಸ್ತ್ರಿ ತಮ್ಮ ನಡುಗುವ ಕೈಯನ್ನು ಮುಂದೆ ಚಾಚಿದರು. ಹೊಲಿಗೆಯವರು ಅದನ್ನು ಹಿಡಿದುಕೊಂಡು ಎದ್ದರು.

“ಇರ್ಲಿ ಬಿಡಿ,” ಎಂದರು. “ಇಷ್ಟು ಜನರ ಜೊತೆ ಸೇರಿದಾನಲ್ಲ, ಕಲೀತಾನೆ.”