ಇಲಿಗಳಿಗೂ ಒಂದೇ ಪಂಕ್ತಿ

ಹೊಸಪೇಟೆಯ ಫಾರ್ಮಸಿ ಕಾಲೇಜೊಂದರಲ್ಲಿ ನಾನು ಸಂಶೋಧನೆ ಮಾಡುತ್ತಿದ್ದಾಗ, ಅಲ್ಲಿನ ಬಿಳಿ ಇಲಿಗಳನ್ನು ನೋಡಿಕೊಳ್ಳಲು ಕಂಪ್ಲಿಯಿಂದ ಒಬ್ಬರು ಅಕ್ಕ ಬರುತ್ತಿದ್ದರು. ಊಟದ ಡಬ್ಬಿ ತೆರೆದರೆ ಮೊದಲು ನಮ್ಮ ಕಡೆ ತಳ್ಳಿ, "ಒಂಚೂರು ತಿನ್ರಿ" ಎನ್ನುತ್ತಿದ್ದರು. ನಾವು ಮುಟ್ಟದೆ ತಾವು ಮುಟ್ಟುತ್ತಿರಲಿಲ್ಲ.

ಮೊಟ್ಟೆಯ ಬಿಳಿಯನ್ನು ಮೊದಲೇ ತಿಂದ ಇಲಿಗೆ ಮುಂದೆ ಅದನ್ನೇ ಸೂಜಿಯಲ್ಲಿ ಚುಚ್ಚಿದರೆ ಅದರ ಮೈ ಸಹಿಸಿಕೊಳ್ಳುತ್ತದೆ. ಪ್ರತಿಕಾಯ ತಯಾರಿಸುವ ಕೋಶಗಳು ಸುಮ್ಮನಿರುತ್ತವೆ; ತಿನ್ನದ ಇಲಿಯಲ್ಲಾದರೆ ಪ್ರತಿಕಾಯ ಹುಟ್ಟುತ್ತದೆ. ಇದನ್ನು ತೋರಿಸುವುದೇ ನನ್ನ ಕೆಲಸ. ಒಂದು ಪಂಜರಕ್ಕೆ ಮೊಟ್ಟೆ ಕದಡಿದ ನೀರು, ಹೋಲಿಕೆಗೆಂದು ಇನ್ನೊಂದಕ್ಕೆ ಬರೀ ನೀರು ಇಡಲು ಅಕ್ಕನಿಗೆ ಹೇಳಿದ್ದೆ. ಆಮೇಲೆ ಎರಡಕ್ಕೂ ಚುಚ್ಚಿ ರಕ್ತ ನೋಡಿದರೆ ಯಾವುದರಲ್ಲೂ ಪ್ರತಿಕಾಯವಿಲ್ಲ. ಎಲ್ಲಿ ಕೆಟ್ಟಿತೆಂದು ತಿಳಿಯದೆ ತಲೆ ಹಿಡಿದು ಕುಳಿತೆ.

"ಯಾಕ್ರಿ ಮೇಡಂ?" ಎಂದರು ಅಕ್ಕ. ಹೇಳಿದೆ. ಅವರ ಮುಖ ಸಣ್ಣದಾಯಿತು.

"ನಾನೇ ಆ ಪಂಜರಕ್ಕೂ ತತ್ತಿ ನೀರು ಇಟ್ಟೀನ್ರಿ. ಪಾಪ, ನೋಡ್ಕಂತ ಕುಂತಿದ್ವು. ಪಂಕ್ತಿಭೇದ ಮಾಡಾಕ ಮನಸು ಬರಲಿಲ್ರಿ."

ಬೈಯಲು ತೆರೆದ ಬಾಯಲ್ಲಿ ನಗು ಬಂತು. ಅಂದರೆ ಎರಡೂ ಪಂಜರಗಳು ಸರಿಯಾದ ಉತ್ತರವನ್ನೇ ಕೊಟ್ಟಿದ್ದವು!

ಹೊಸ ಇಲಿಗಳನ್ನು ತಂದು ಮತ್ತೆ ಶುರುಮಾಡಿದೆವು. ಅಕ್ಕ ಪಂಜರಗಳ ನಡುವೆ ಹಳೇ ಸೀರೆಯ ತುಂಡನ್ನು ಪರದೆಯಾಗಿ ಕಟ್ಟಿದರು. ಈ ಸಲ ಬರೀ ನೀರು ಕುಡಿದ ಇಲಿಗಳಲ್ಲಿ ಮಾತ್ರ ಪ್ರತಿಕಾಯ ಧಾರಾಳವಾಗಿತ್ತು. ನಾನು ಉಸ್ಸೆಂದು ಕುರ್ಚಿಗೊರಗಿದೆ.

ಅಕ್ಕ ಆಗಲೇ ಪರದೆ ಬಿಚ್ಚುತ್ತಿದ್ದರು. "ಮುಗೀತಲ್ರಿ? ಇನ್ನರ ಇವಕ್ಕ ತತ್ತಿ ಕೊಡ್ಲೇನ್ರಿ?"