ಹುಬ್ಬಳ್ಳಿಯ ಬ್ರಂಚ್, ಕೊರ್ಲಹಳ್ಳಿಯ ರೊಟ್ಟಿ

ಖಾಲಿ ತಟ್ಟೆ ಹಿಡಿದುಕೊಂಡು, ಸಾಲಾಗಿ ಇಟ್ಟಿದ್ದ ತಿನಿಸುಗಳ ಮುಂದೆ ಐದು ನಿಮಿಷ ನಿಂತಿದ್ದೆ.

ಹುಬ್ಬಳ್ಳಿಯ ದೊಡ್ಡ ಹೋಟೆಲ್. ಭಾನುವಾರ, ಬೆಳಗಿನ ಹನ್ನೊಂದು ಗಂಟೆ. ಎತ್ತರದ ಗಾಜಿನ ಕಿಟಕಿಯಿಂದ ಇಳಿದ ಬಿಸಿಲು ಎಸಿಯ ತಂಪಿನಲ್ಲಿ ಸುಡುವುದನ್ನೇ ಮರೆತು ಬಿಳಿ ಮೇಜುಬಟ್ಟೆಯ ಮೇಲೆ ಮಲಗಿತ್ತು. ಎಲ್ಲೋ ಸಣ್ಣಗೆ ಸಿತಾರ್... ಯಾರಿಗೂ ಎಲ್ಲಿಗೂ ಹೋಗುವ ಅವಸರವೇ ಇಲ್ಲ.

ಟೇಬಲ್ ಬುಕ್ ಮಾಡಿದವಳು ಮಗಳು ಸ್ಫೂರ್ತಿ. ಹುಬ್ಬಳ್ಳಿಯಲ್ಲೇ ಹಾಸ್ಟೆಲ್‌ನಲ್ಲಿದ್ದು ಓದುತ್ತಾಳೆ. ಬ್ರಂಚ್ ಅಂದರೆ ನಾಷ್ಟಾನೂ ಅಲ್ಲ, ಊಟಾನೂ ಅಲ್ಲ, ಎಷ್ಟು ಹೊತ್ತು ಕೂತರೂ ಯಾರೂ ಏಳಿ ಅನ್ನುವುದಿಲ್ಲ ಎಂದು ಫೋನಿನಲ್ಲಿ ತಿಳಿಸಿ ಹೇಳಿದ್ದಳು.

ಅಲ್ಲಿ ನಾನು ಭೇಟಿಯಾಗಬೇಕಿದ್ದದ್ದು ವೀರಭದ್ರ ಮಾಸ್ತರನ್ನು. ಸ್ಫೂರ್ತಿಯ ಗೆಳತಿಯ ಸೋದರಮಾವ. ಊರು ಕೊರ್ಲಹಳ್ಳಿ, ಮುಂಡರಗಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ. ಅವರ ಹೆಂಡತಿ ತೀರಿಕೊಂಡು ಮೂರು ವರ್ಷ. ನನ್ನ ಗಂಡ ಹೋಗಿ ಒಂಬತ್ತು ವರ್ಷ, ನನಗೀಗ ನಲವತ್ನಾಲ್ಕು.

ಒಮ್ಮೆ ಮಾತಾಡಿ ನೋಡು ಎಂದು ಆರು ತಿಂಗಳಿಂದ ಮಗಳ ಹಟ.

ನಾನು ಗದಗಿನ ಕಾಲೇಜೊಂದರಲ್ಲಿ ಲೈಬ್ರರಿಯನ್. ಟ್ರೇನಿಂಗ್ ಇದೆ ಎಂದು ಅತ್ತೆಗೆ ಸುಳ್ಳು ಹೇಳಿ ಬೆಳಗಿನ ರೈಲು ಹತ್ತಿದ್ದೆ. ಬೆಟಗೇರಿಯ ಮನೆಯಲ್ಲಿ ನಾವಿಬ್ಬರೇ ಇರುವುದು. ಮಗನನ್ನು ಕಳೆದುಕೊಂಡ ತಾಯಿಗೆ ಇಂಥ ಮಾತು ಯಾವ ಬಾಯಿಂದ ಹೇಳಲಿ?

ಮಾಸ್ತರು ಬಂದು ನಮಸ್ಕಾರ ಮಾಡಿ, ತಾವೂ ಒಂದು ತಟ್ಟೆ ತೆಗೆದುಕೊಂಡು ಪಕ್ಕದಲ್ಲಿ ನಿಂತರು. ಆಮೇಲೆ ಮೆಲ್ಲಗೆ ಕೇಳಿದರು.

"ನಿಮಗೇನು ಸೇರ್ತೈತ್ರಿ?"

ಎಲ್ಲರದೂ ಆದ ಮೇಲೆ ಉಳಿದದ್ದನ್ನು ಅಡುಗೆಮನೆಯಲ್ಲೇ ಉಂಡು ಏಳುವುದು ನನ್ನ ರೂಢಿ. ನನಗೇನು ಸೇರುತ್ತದೆ ಎಂದು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

ಗೊತ್ತಿಲ್ಲ ಎಂದೆ. ಅವರು ನಗಲಿಲ್ಲ. ಹಾಗಾದರೆ ಎಲ್ಲದರಲ್ಲೂ ಒಂದೊಂದು ಚಮಚ ಹಾಕಿಕೊಳ್ಳೋಣ, ಗೊತ್ತಾಗುತ್ತದೆ ಎಂದರು.

ಹಾಗೇ ಮಾಡಿದೆವು. ಅಣಬೆ ನನಗೆ ಸೇರುವುದಿಲ್ಲ. ಅನಾನಸು ಹಾಕಿದ ಶಿರಾ ಬಹಳ ಸೇರುತ್ತದೆ, ಎರಡು ಸಲ ಹಾಕಿಸಿಕೊಂಡೆ.

ಮೇಜಿನ ಮೇಲಿದ್ದ ಬಿಸಿಲು ನಿಧಾನಕ್ಕೆ ಸರಿದು ನೆಲಕ್ಕಿಳಿಯಿತು. ಮಾತಾಡಿದ್ದು ಕಡಿಮೆ, ಸುಮ್ಮನಿದ್ದದ್ದೇ ಹೆಚ್ಚು. ಆ ಸುಮ್ಮನಿರುವಿಕೆಯಲ್ಲಿ ಮುಜುಗರ ಇರಲಿಲ್ಲ ಎನ್ನುವುದು ಇವತ್ತಿಗೂ ಆಶ್ಚರ್ಯ.

ಕೊನೆಗೆ ಅವರೇ ವಿಷಯಕ್ಕೆ ಬಂದರು. ಹೆಂಡತಿ ನಾಲ್ಕು ವರ್ಷ ಹಾಸಿಗೆ ಹಿಡಿದಿದ್ದರಂತೆ. ಆಗ ಅಡುಗೆ ಕಲಿತರಂತೆ, ರೊಟ್ಟಿ ಬಡಿಯುವುದನ್ನೂ.

"ಅಡಗಿ ಮಾಡಾಕ ಯಾರೂ ಬ್ಯಾಡ್ರಿ ನನಗ. ಎದುರಿಗೆ ಕುಂತು ಉಣ್ಣಾವ್ರು ಬೇಕು."

ನೀರು ಕುಡಿದು, ಹೇಳಬೇಕಾದದ್ದನ್ನು ಹೇಳಿಬಿಟ್ಟೆ. ಅತ್ತೆಯನ್ನು ಬಿಟ್ಟು ನಾನು ಎಲ್ಲಿಗೂ ಬರುವುದಿಲ್ಲ. ಅತ್ತೆ ಒಲ್ಲೆ ಅಂದರೆ ಈ ಮಾತು ಇಲ್ಲಿಗೇ ಮುಗಿಯಿತು.

ಮಾಸ್ತರು, ಮುಂದಿನ ಭಾನುವಾರ ಅತ್ತೆ ಸೊಸೆ ಇಬ್ಬರೂ ಕೊರ್ಲಹಳ್ಳಿಗೆ ಬನ್ನಿ, ಅಡುಗೆ ನನ್ನದು ಎಂದರು.

ಸಂಜೆ ಮನೆ ಮುಟ್ಟಿದಾಗ ಅತ್ತೆ ಕಟ್ಟೆಯ ಮೇಲೆ ಕೂತಿದ್ದರು. ಚಪ್ಪಲಿ ಬಿಡುವ ಮೊದಲೇ ಕೇಳಿದರು.

"ಅಂವ ಸರಿಯಾಗಿ ಉಂಡನೇನ?"

ಮೊಮ್ಮಗಳು ಅಜ್ಜಿಗೆ ವಾರದ ಹಿಂದೆಯೇ ಎಲ್ಲ ಹೇಳಿದ್ದಳಂತೆ. ನಾನು ಅವರ ಕಾಲಬುಡದಲ್ಲಿ ಕೂತು ಅತ್ತುಬಿಟ್ಟೆ. ಅವರು ಸಮಾಧಾನ ಮಾಡಲಿಲ್ಲ. ಮಗ್ಗದಲ್ಲಿ ದುಡಿದು ಒರಟಾದ ಕೈಯನ್ನು ನನ್ನ ತಲೆಯ ಮೇಲೆ ಇಟ್ಟು ಬೀದಿ ನೋಡುತ್ತಾ ಕೂತರು. ಕೊರ್ಲಹಳ್ಳಿಗೆ ಊಟಕ್ಕೆ ಕರೆದಿದ್ದಾರೆ ಎಂದಾಗ, ಅವನ ಮನೆಗೆ ಹೋಗಿ ನೋಡೇ ಹೇಳುತ್ತೇನೆ ಎಂದರು. ನೋಡಿ ಬೇಡ ಅಂದರೆ?... ಆ ವಾರ ಹೇಗೆ ಕಳೆಯಿತೋ ನನಗೇ ಗೊತ್ತು.

ಭಾನುವಾರ ಮುಂಡರಗಿ ಬಸ್ಸು, ಅಲ್ಲಿಂದ ಮಾಸ್ತರು ಕಳಿಸಿದ ಆಟೋ.

ಮನೆಯೊಳಗೆ ಸೆಕೆ ಎಂದು ಅವರು ಹೊಳೆದಂಡೆಯ ಬೇವಿನ ಮರದ ಕೆಳಗೆ ಚಾಪೆ ಹಾಸಿದ್ದರು. ತುಂಗಭದ್ರೆ ಹರಿಯುತ್ತಿದೆಯೋ ನಿಂತಿದೆಯೋ ತಿಳಿಯದಷ್ಟು ಮೆಲ್ಲಗಿದ್ದಳು. ಆಚೆ ದಡದಲ್ಲಿ ಯಾರೋ ಎಮ್ಮೆ ಮೈ ತೊಳೆಯುತ್ತಿದ್ದರು. ಆ ನೀರಿನ ಸದ್ದು ಕನಸಿನೊಳಗಿಂದ ಬಂದಹಾಗೆ ತಡವಾಗಿ ಬಂದು ಮುಟ್ಟುತ್ತಿತ್ತು.

ಬಿಸಿ ರೊಟ್ಟಿ, ಕಡಲೆಹಿಟ್ಟಿನ ಝುಣಕ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಮಾಸ್ತರು ನಿಂತೇ ಬಡಿಸುತ್ತಿದ್ದರು. ಅತ್ತೆ ಬಂದಾಗಿನಿಂದ ಹೌದ್ರಿ, ಅಲ್ರಿ ಎಂದು ಬಿಗಿಯಾಗಿಯೇ ಮಾತಾಡಿದ್ದರು. ರೊಟ್ಟಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು.

"ಅಂಚು ಒಡದಾವ. ಹಿಟ್ಟು ಇನ್ನಷ್ಟು ನಾದಬೇಕಾಗಿತ್ತು."

ಮಾಸ್ತರು ತಪ್ಪು ಮಾಡಿದ ವಿದ್ಯಾರ್ಥಿಯಂತೆ ತಲೆ ಆಡಿಸಿದರು.

ಅತ್ತೆ ಒಂದು ತುತ್ತು ಬಾಯಿಗಿಟ್ಟುಕೊಂಡು ಹೊಳೆಯ ಕಡೆ ತಿರುಗಿದರು. ಕಣ್ಣು ತುಂಬಿತ್ತು. ಯಾರ ನೆನಪೆಂದು ನನಗೆ ಗೊತ್ತು. ಮಾಸ್ತರಿಗೂ ಗೊತ್ತಾಗಿರಬೇಕು, ಅವರೂ ಅಲ್ಲಾಡದೆ ನಿಂತಿದ್ದರು. ಸೆರಗಿನಿಂದ ಮುಖ ಒರೆಸಿಕೊಂಡು ಅತ್ತೆ ಚಾಪೆಯ ಮೇಲೆ ತುಸು ಸರಿದು ಜಾಗ ಮಾಡಿದರು.

"ನೀನೂ ಕುಂದ್ರೋ. ಆರಿ ಹೋಗ್ತೈತಿ."

ನೀವು ಎನ್ನಲಿಲ್ಲ... ನೀನು ಅಂದರು.

ಮಾಸ್ತರು ಕೂತರು. ಮೂವರೂ ಒಟ್ಟಿಗೆ ಉಂಡೆವು. ನೆರಳು ಸರಿದಹಾಗೆ ಚಾಪೆಯನ್ನೂ ಸರಿಸುತ್ತಾ ಹೊತ್ತು ಇಳಿಯುವವರೆಗೆ ಕೂತೇ ಇದ್ದೆವು.

ಮುಂದಿನ ತಿಂಗಳು ರಿಜಿಸ್ಟರ್ ಮದುವೆ. ಮಾಸ್ತರು ಬೆಟಗೇರಿಗೇ ಬಂದು ಇರುತ್ತಾರೆ, ಶಾಲೆಗೆ ದಿನಾ ಬಸ್ಸು. ಸಾಕ್ಷಿ ಸಹಿ ತಾನೇ ಹಾಕುವುದೆಂದು ಅತ್ತೆ ಈಗಾಗಲೇ ಹೇಳಿಯಾಗಿದೆ.

ಗಡಿಯಾರ ನೋಡದೆ, ನಿಮ್ಮವರ ಎದುರಿಗೆ ಕೂತು, ನೀವು ಕೊನೆಯ ಸಲ ಉಂಡದ್ದು ಯಾವಾಗ?