ಬಾಣಂತಿ ಅಳಬಾರದಂತೆ

ಇವತ್ತು ಬೆಳಿಗ್ಗೆ ಕೆಳಗಿನ ಪೋರ್ಷನ್ನಿನಿಂದ ಸಾಂಬ್ರಾಣಿ ಹೊಗೆ ಮೆಟ್ಟಿಲು ಹತ್ತಿ ಬಂತು. ಬಾಡಿಗೆಗಿರುವ ಹುಬ್ಬಳ್ಳಿ ಹುಡುಗಿಗೆ ಹೆರಿಗೆಯಾಗಿದೆ. ಬಾಣಂತನಕ್ಕೆ ತಾಯಿ ಊರಿಂದ ಬಂದಿದ್ದಾರೆ. ಆ ವಾಸನೆಗೆ ನಿಮಗೆ ಮಗುವಿನ ನೆನಪಾಗಬಹುದು. ನನಗೆ ಟೆರೇಸಿನ ಮೋಟುಗೋಡೆ ನೆನಪಾಗುತ್ತದೆ.

ಐದು ವರ್ಷದ ಹಿಂದೆ, ಆರ್‌ಪಿಸಿ ಲೇಔಟಿನ ಇದೇ ಮನೆಯಲ್ಲಿ ನನ್ನ ತಂಗಿ ಸುಮಾಳ ಬಾಣಂತನ. ಅಮ್ಮ ಅವಳ ಕಿವಿಗೆ ಹತ್ತಿ ತುರುಕಿ, ತಲೆಗೆ ಬಟ್ಟೆ ಬಿಗಿದು, ಕಿಟಕಿ ಮುಚ್ಚಿದ್ದರು. ನೋಡಲು ಬಂದವರದ್ದು ಎರಡೇ ಪ್ರಶ್ನೆ: ಮಗು ಯಾರ ಹಾಗಿದೆ, ಹಾಲು ಸಾಲುತ್ತಾ? ಆ ಹತ್ತಿಯನ್ನು ಅವರ ಬಾಯಿಗೆ ತುರುಕಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಸುಮಾ ಕಾರಣವಿಲ್ಲದೆ ಅಳುತ್ತಿದ್ದಳು.

"ಬಾಣಂತಿ ಅಳಬಾರದು ಕಣೇ, ಹಾಲು ಬತ್ತಿಹೋಗುತ್ತೆ" ಎಂದು ಅಮ್ಮ.

"ಚಿನ್ನದಂಥ ಮಗು ಇಟ್ಕೊಂಡು ಅಳ್ತಾಳಲ್ಲ, ಏನ್ರೀ ಕೊರತೆ ಇವಳಿಗೆ?" ಎಂದು ಎದುರುಮನೆ ಆಂಟಿ.

ಎಂ.ಎಸ್ಸಿ. ಓದಿದ ನಾನಾದರೂ ಏನು ಮಾಡಿದೆ? ಅಂಟಿನುಂಡೆ ತಿನ್ನಿಸಿದೆ.

ಮೂರನೇ ವಾರ ಅಳು ನಿಂತಿತು. ಮಾತೂ ನಿಂತಿತ್ತು, ಅದನ್ನು ಯಾರೂ ಗಮನಿಸಲಿಲ್ಲ. "ಈಗ ಆರಾಮಾಗಿದಾಳೆ" ಎಂದು ಅವಳ ಗಂಡನಿಗೆ ಫೋನಿನಲ್ಲಿ ಹೇಳಿದ ಮಹಾತಾಯಿ ನಾನೇ.

ಮರುದಿನ ಮಧ್ಯಾಹ್ನ ಒಣಗಿದ ಬಟ್ಟೆ ತರಲು ಮೇಲೆ ಹೋದರೆ, ಸುಮಾ ಮೋಟುಗೋಡೆಗೆ ಒತ್ತಿಕೊಂಡು ಕೆಳಗೆ ನೋಡುತ್ತ ನಿಂತಿದ್ದಾಳೆ. ಆಗ ನನ್ನ ಬಾಯಿಂದ ಬಂದ ಮೊದಲ ಮಾತು ಕೇಳಿ: "ಏ, ತಲೆಗೆ ಬಟ್ಟೆ ಕಟ್ಟಿಲ್ವಲ್ಲೇ, ಗಾಳಿ ಹೊಡೆಯುತ್ತೆ!"

ಅವಳು ತಿರುಗಲಿಲ್ಲ. "ಅಕ್ಕ, ನನ್ನ ಕೈ ಹಿಡ್ಕೋ. ನನ್ನ ಮೇಲೆ ನನಗೇ ನಂಬಿಕೆ ಇಲ್ಲ."

ಹಿಡಿದೆ. ಆಸ್ಪತ್ರೆ ತಲುಪುವವರೆಗೂ ಬಿಡಲಿಲ್ಲ. "ಇದು ಕಾಯಿಲೆ, ಗುಣ ಆಗುತ್ತೆ. ಅಳ್ತಿದ್ದಾಗಲೇ ಕರ್ಕೊಂಡು ಬರಬೇಕಿತ್ತು" ಎಂದರು ಡಾಕ್ಟರು. ಮಾತ್ರೆ, ನಿದ್ದೆ, ತಿಂಗಳುಗಟ್ಟಲೆ ಮಾತುಕತೆ. ಈಗ ಸುಮಾ ಬಸವೇಶ್ವರನಗರದಲ್ಲಿ ಮಗಳನ್ನು ಸ್ಕೂಟರಿನಲ್ಲಿ ಶಾಲೆಗೆ ಬಿಡುತ್ತಾಳೆ, ಅಕ್ಕನಿಗೆ ಪಾರ್ಕಿಂಗ್ ಬರುವುದಿಲ್ಲವೆಂದು ನನ್ನನ್ನು ನೋಡಿ ನಗುತ್ತಾಳೆ. ಆ ಟೆರೇಸಿನಿಂದ ಇನ್ನೂ ಇಳಿಯದವಳು ನಾನು.

ಹೊಗೆಯ ಜಾಡು ಹಿಡಿದು ಕೆಳಗೆ ಹೋದೆ. ಹುಡುಗಿಯ ತಾಯಿ ತೊಟ್ಟಿಲ ಕಡೆ ಕರೆದರು. ನಾನು ಹುಡುಗಿಯ ಮಂಚದ ಮೇಲೆ ಕೂತು, "ನಿದ್ದೆ ಬರ್ತಿದೆಯಾ?" ಎಂದೆ. ಅವಳು ತಾಯಿಯ ಮುಖ ನೋಡಿದಳು. ಕಣ್ಣು ತುಂಬಿತು.

"ಅಳಬ್ಯಾಡವ್ವಾ, ಹಾಲು…" ಎಂದು ತಾಯಿ ಶುರುಮಾಡಿದರು.

"ಹಾಲಿಗೇನೂ ಆಗಲ್ಲ, ಅಳಲಿ ಬಿಡಿ!" ನನ್ನ ದನಿ ಬೇಕಾದ್ದಕ್ಕಿಂತ ಜೋರಾಗಿತ್ತು.

ಅವರಿಗೆ ಮುನಿಸು. "ನೀವು ಕೂಸಿನ್ನ ನೋಡ್ಲೇ ಇಲ್ರೀ."

"ಮಗು ಎಲ್ಲೂ ಹೋಗಲ್ಲ, ಆಮೇಲೆ ನೋಡ್ತೀನಿ" ಎಂದು, ಹುಡುಗಿಯ ಕೈ ಹಿಡಿದುಕೊಂಡೆ.